ಸಹಾಯ ಬೇಕು: ಒಬ್ಬ ದಾನಿ, ಮೂರು ದಾಖಲೆ, ಕೂಡಸೋ ಅಧಿಕಾರ ಯಾರದು?

ನಮಸ್ಕಾರ್ರಿ. ಬಾಗಲಕೋಟೆ ಕಡೆ ದೊಡ್ಡ ಟ್ರಸ್ಟ್. ಶಾಲಿ, ಹಾಸ್ಟೆಲ್, ದವಾಖಾನಿ, ಎಲ್ಲಾದಕ್ಕೂ ಬ್ಯಾರೆ ಬ್ಯಾರೆ ಸಾಫ್ಟ್‌ವೇರ್. ದಾನಿಗಳ ಪಟ್ಟಿ ಒಂದ ಮಾಡಾಕ ಹತ್ತೇವಿ. ಒಂದ ಕಡೆ ‘ಎಂ.ಎಸ್. ಬಡಿಗೇರ, ಬಿಜಾಪುರ’, ಇನ್ನೊಂದ ಕಡೆ ‘ಬಡಿಗೇರ ಎಂ., ವಿಜಯಪುರ’. 2014ರಾಗ ಊರ ಹೆಸರ ಬದಲಾದ್ರೂ ಹಳೇ ರಸೀದಿ ಹಂಗ ಅದಾವ.

ಪ್ಯಾನ್ ಇದ್ದವು ಸರಿ ಕುಂತ್ವು. ರೋಖ ಕೊಟ್ಟ ಭಾಳ ಮಂದೀದು ಪ್ಯಾನ್ ಇಲ್ಲ. ಮೊಬೈಲ್ ನಂಬರ್ ಹಚ್ಚಿ ನೋಡಿದ್ರ ಅಪ್ಪ, ಮಗ, ಸೊಸಿ ಮೂವರೂ ಒಬ್ಬರ ಆಗಿಬಿಟ್ರು! ಹಂಗ ಬಿಟ್ರ ಆದಾಯ ತೆರಿಗೆ ಇಲಾಖೆಗೆ ದಾನದ ಲೆಕ್ಕ ಕೊಡೋ ‘10ಬಿಡಿ’ ಫಾರ್ಮ್ ಒಳಗ ಒಬ್ಬರ ದಾನ ಇನ್ನೊಬ್ಬರ ಹೆಸರಿಗೆ, ದಾನಿಗೆ ಕೊಡೋ ‘10ಬಿಇ’ ಸರ್ಟಿಫಿಕೇಟೂ ತಪ್ಪ. ಅದಕ್ಕ ಈಗ ಪ್ಯಾನ್ ಕೂಡಿದ್ರಷ್ಟ ತಾನಾಗಿ ಕೂಡಸ್ತೈತಿ, ಉಳಿದದ್ದು ಕೈಲೆ.

ದವಾಖಾನಿ ರಿಜಿಸ್ಟರ್‌ನಾಗ ಹುಟ್ಟಿದ ತಾರೀಖು ಚೊಕ್ಕ ಐತಿ, ಖರೆ ಅದು ಚಿಕಿತ್ಸಾಕ್ಕ ಕೊಟ್ಟದ್ದು, ದಾನದ ಪಟ್ಟಿಗೆ ಮುಟ್ಟಬಾರದು ಅಂತ ಬಿಟ್ಟೇವಿ.

ಸಿಕ್ಕೊಂಡಿದ್ದು ಇಲ್ಲಿ: ಕೂಡಸೂದೋ ಬಿಡೂದೋ ಅನ್ನೋ ಕಡೀ ಮಾತು ತಮ್ಮದು ಅಂತ ಅಕೌಂಟ್ಸ್‌ನವರೂ ಅಂತಾರ, ದಾನಿ ಸಂಪರ್ಕದವರೂ ಅಂತಾರ. ಐಟಿ ಹುಡುಗರಿಗೆ ಕೊಡೂದಂತೂ ಅಲ್ಲ, ಅವರು ಕೀಲಿ ಕಾಯೋರಷ್ಟ.

ಈ ಕೆಲಸ ಮಾಡಿದವರು ಹೇಳ್ರಿ: ದಾನಿ ದಾಖಲೆಗೆ ಕಡೀ ಸಹಿ ಯಾವ ವಿಭಾಗಕ್ಕ ಕೊಟ್ಟೀರಿ? ಜಗಳಾದ್ರ ಯಾರ ಮುಂದ ಹೋಗ್ತೈತಿ?