ಫಿಲಿಪೀನ್ಸ್ 1935: ಸಂವಿಧಾನಕ್ಕೆ ಹೂಂ ಅಂದಿದ್ದು ಎಲ್ಲದಕ್ಕೂ ಹೂಂ ಅಂದಂಗಾ?

ತುಂಗಾತೀರ:
1935ರ ಮೇ 14ಕ್ಕೆ, ಆಗ ಅಮೆರಿಕದ ಕೈಕೆಳಗಿದ್ದ ಫಿಲಿಪೀನ್ಸ್‌ನಲ್ಲಿ ಹೊಸ ಸಂವಿಧಾನ ಬೇಕೋ ಬೇಡ್ವೋ ಅಂತ ಜನಮತ ತಗೊಂಡ್ರು. ಬೇಕು ಅಂದವ್ರು 12 ಲಕ್ಷದ 13 ಸಾವಿರ, ಬೇಡ ಅಂದವ್ರು 45 ಸಾವಿರದ ಹತ್ರ. ನೂರಕ್ಕೆ 96! ಆದ್ರೆ ಫಿಲಿಪೀನ್ಸ್‌ಗೆ ಸ್ವಾತಂತ್ರ್ಯ ಕೊಡೋಕೆ ಅಂತ ಅಮೆರಿಕ 1934ರಲ್ಲಿ ಮಾಡಿದ ಟೈಡಿಂಗ್ಸ್-ಮೆಕ್‌ಡಫಿ ಕಾಯ್ದೆ ಓದಿ ನೋಡಿ, ಸಂವಿಧಾನಕ್ಕೆ ಬಹುಮತ ಬಂದ್ರೆ ಅದನ್ನೇ ಸ್ವಾತಂತ್ರ್ಯ ಬೇಕು ಅನ್ನೋ ಜನರ ಇಚ್ಛೆ ಅಂತ ತಗೋತೀವಿ ಅಂತ ಅದ್ರಲ್ಲೇ ಬರ್ದಿದೆ. ಸ್ವಾತಂತ್ರ್ಯ ಬೇಕು ಆದ್ರೆ ಈ ಸಂವಿಧಾನ ಬೇಡ ಅನ್ನೋನು ಏನ್ ಮಾಡ್ಬೇಕು? ಸ್ವಾತಂತ್ರ್ಯಕ್ಕೆ 10 ವರ್ಷ ಕಾಯೋದು, ಅಷ್ಟೂ ಕಾಲ ವಿದೇಶ ವ್ಯವಹಾರ ವಾಷಿಂಗ್ಟನ್ ಕೈಲಿ, ಅಮೆರಿಕದ ಸರಕಿಗೆ ಸುಂಕ ಇಲ್ಲ, ಅಲ್ಲಿಗೆ ವಲಸೆ ಹೋಗೋಕೆ ಮಾತ್ರ ವರ್ಷಕ್ಕೆ 50 ಜನಕ್ಕೆ ಅವಕಾಶ. ಇಷ್ಟೆಲ್ಲಾ ಕಟ್ಟು ಹಾಕಿ ಒಂದೇ ಓಟು ಕೇಳಿದ್ರೆ ಅದನ್ನ ಜನರ ಒಪ್ಪಿಗೆ ಅಂತ ನಾನಂತೂ ಒಪ್ಪಲ್ಲ.

ಬಯಲುಸೀಮೆ ಹುಡ್ಗ:
ಅರ್ಧ ಕಥೆ ಹೇಳ್ತಿದೀರ. ಇದಕ್ಕೂ ಮುಂಚೆ ಅಮೆರಿಕದ್ದೇ ಇನ್ನೊಂದು ಸ್ವಾತಂತ್ರ್ಯದ ಕಾಯ್ದೆ, ಹೇರ್-ಹಾಸ್-ಕಟಿಂಗ್ ಕಾಯ್ದೆ ಅಂತ ಬಂದಿತ್ತು, 1933ರಲ್ಲಿ ಫಿಲಿಪೀನ್ಸ್ ಶಾಸನಸಭೆ ಅದನ್ನ ತಿರಸ್ಕರಿಸ್ತು, ಅಮೆರಿಕದ ಸೇನಾ ನೆಲೆ ವಿಷ್ಯಕ್ಕೆ ದೊಡ್ಡ ಜಗಳ ಆಗಿ ಅಲ್ಲಿನ ನಾಯಕರಲ್ಲಿ ಕೆಸೋನ್ ಒಂದ್ಕಡೆ ಒಸ್ಮೇನ್ಯಾ ಒಂದ್ಕಡೆ ಆದ್ರು. ಆಮೇಲೆ ಕೆಸೋನ್ ಅಮೆರಿಕಕ್ಕೇ ಹೋಗಿ ಚೌಕಾಸಿ ಮಾಡಿ ತಂದಿದ್ದು ಈ ಎರಡನೇ ಕಾಯ್ದೆ, ಅದನ್ನ 1934ರ ಮೇ 1ಕ್ಕೆ ಅದೇ ಶಾಸನಸಭೆ ಒಪ್ಕೊಂಡಿದೆ. ಸಂವಿಧಾನ ಬರೆದಿದ್ದು ಅಮೆರಿಕದವ್ರಲ್ಲ, ಆಯ್ಕೆಯಾದ 202 ಪ್ರತಿನಿಧಿಗಳು, ಕ್ಲಾರೋ ರೆಕ್ಟೋ ಅಧ್ಯಕ್ಷತೇಲಿ. ನಮ್ಮ ಸಂವಿಧಾನ ಸಭೆಗೂ ಸೀಮಿತ ಮತದಾನದ ಪ್ರಾಂತೀಯ ಶಾಸಕರೇ ಆರಿಸಿದ್ದು, 1950ರ ಸಂವಿಧಾನನ ಜನಮತಕ್ಕೆ ಹಾಕೇ ಇಲ್ಲ, ಹಂಗಂತ ಅದಕ್ಕೆ ಬೆಲೆ ಇಲ್ವಾ? ಅವ್ರು ಕೊನೇಪಕ್ಷ ಕೇಳಿದ್ರು.

ಶರಾವತಿ ಎಚ್:
ಕೇಳಿದ್ರು ಅಂತೀರ, ಯಾರನ್ನ ಅನ್ನೋದೂ ಮುಖ್ಯ ಅಲ್ವಾ. ಆ ಸಂವಿಧಾನದಲ್ಲಿ ಓಟಿನ ಹಕ್ಕು ಓದು ಬರಹ ಬರೋ 21 ದಾಟಿದ ಗಂಡಸ್ರಿಗೆ ಮಾತ್ರ. 1933ರಲ್ಲೇ ಹೆಂಗಸ್ರಿಗೆ ಓಟು ಕೊಡೋ ಕಾನೂನು ಪಾಸಾಗಿತ್ತು, ಅದನ್ನ ಈ ಸಂವಿಧಾನ ಕಿತ್ಕೊಳ್ತು! ನಿಮಗೆ ಬೇಕಾದ್ರೆ ಎರಡು ವರ್ಷದೊಳಗೆ ಬೇರೆ ಮತದಾನ ನಡೆಸ್ತೀವಿ, ಕನಿಷ್ಠ 3 ಲಕ್ಷ ಹೆಂಗಸ್ರು ಹೂಂ ಅನ್ಬೇಕು ಅಂತ ಷರತ್ತು. ಗಂಡಸ್ರಿಗೆ ಇಂಥ ಪರೀಕ್ಷೆ ಯಾರೂ ಇಟ್ಟಿರ್ಲಿಲ್ಲ. ಹೋಸೆಫಾ ಯಾನೆಸ್ ಎಸ್ಕೋಡಾ, ಪಿಲಾರ್ ಹಿಡಾಲ್ಗೋ ಲಿಮ್ ಥರದ ಹೋರಾಟಗಾರ್ತಿಯರು ಓಡಾಡಿ ಜನ ಸೇರಿಸಿ 1937ರ ಏಪ್ರಿಲ್ 30ಕ್ಕೆ 4,47,725 ಓಟು ತಂದ್ರು. ನನಗೆ ಆ ದೇಶದ ನಿಜವಾದ ಜನಮತ ಅಂದ್ರೆ ಅದು, 1935ರದ್ದಲ್ಲ.

ಬಯಲುಸೀಮೆ ಹುಡ್ಗ:
ಹೆಂಗಸ್ರ ವಿಷ್ಯದಲ್ಲಿ ಅನ್ಯಾಯ ಆಗಿದ್ದು ಹೌದು, ಅದ್ರಲ್ಲಿ ವಾದ ಇಲ್ಲ. ಆದ್ರೆ ಆ 1937ರ ಓಟಿಗೆ ದಾರಿ ಮಾಡಿದ್ದೂ ಇದೇ ಸಂವಿಧಾನ.

ತುಂಗಾತೀರ:
ಸಕ್ದಾಲಿಗಳನ್ನ ಮರೀಬೇಡಿ. ಬೆನಿಗ್ನೋ ರಾಮೋಸ್ ಕಟ್ಟಿದ ಪಕ್ಷ, ಮನಿಲಾ ಸುತ್ತಮುತ್ತಲ ಬಡ ಗೇಣಿದಾರ್ರು, ಅವ್ರಿಗೆ ಬೇಕಿದ್ದು ತಕ್ಷಣದ ಸ್ವಾತಂತ್ರ್ಯ, 10 ವರ್ಷ ಆದ್ಮೇಲಿಂದಲ್ಲ. ಜನಮತಕ್ಕೆ ಎರಡು ವಾರಾನೂ ಇರ್ಲಿಲ್ಲ, ಮೇ 2ಕ್ಕೆ ಲಗುನಾ, ಬುಲಕಾನ್ ಕಡೆ ದಂಗೆ ಎದ್ರು, ಒಂದೇ ದಿನದಲ್ಲಿ ಗುಂಡು ಹಾರಿಸಿ ಅಡಗಿಸಿದ್ರು, ಹತ್ತಾರು ಜನ ಸತ್ರು. ಆ ಗುಂಡಿನ ಸದ್ದು ಕೇಳಿದ ಊರಲ್ಲಿ ಬೇಡ ಅಂತ ಓಟು ಹಾಕೋಕೆ ಎಷ್ಟು ಧೈರ್ಯ ಬೇಕು ಹೇಳಿ. ನೂರಕ್ಕೆ 96 ಅನ್ನೋದನ್ನ ಅದ್ರ ಪಕ್ಕ ಇಟ್ಟು ನೋಡಿ.

ಕರಾವಳಿ ಕಾಮತ್:
ನಾನು ಮಧ್ಯದಲ್ಲಿ ಬರ್ತೀನಿ. ಓಟು ಹೆಂಗೆ ಬಿತ್ತು ಅನ್ನೋದಕ್ಕಿಂತ ಆಮೇಲೆ ಆ ಸಂವಿಧಾನ ಏನಾಯ್ತು ನೋಡ್ಬೇಕು. ಗಣಿ, ಕಾಡು, ನೀರು ಇವೆಲ್ಲ ಫಿಲಿಪಿನೋಗಳದ್ದು, ಕಂಪನಿ ಆದ್ರೆ ನೂರಕ್ಕೆ 60 ಪಾಲು ಅವ್ರದ್ದೇ ಇರ್ಬೇಕು ಅಂತ ಬರ್ಕೊಂಡಿದ್ರು, ಅದು ಹೆಮ್ಮೆಯ ಕೆಲ್ಸ. 1946ರ ಜುಲೈ 4ಕ್ಕೆ ಸ್ವಾತಂತ್ರ್ಯ ಬಂತು, ಆಗ ಮನಿಲಾ ಯುದ್ಧದಲ್ಲಿ ಪುಡಿಯಾಗಿ ಬಿದ್ದಿತ್ತು, ಪುನರ್ನಿರ್ಮಾಣಕ್ಕೆ ಪೂರ್ತಿ ಪರಿಹಾರ ಬೇಕು ಅಂದ್ರೆ ಅಮೆರಿಕನ್ನರಿಗೂ ಆ ಸಂಪತ್ತಲ್ಲಿ ಸಮಾನ ಹಕ್ಕು ಕೊಡಿ ಅಂತ ಕೂತ್ರು. 1947ರ ಮಾರ್ಚ್ 11ಕ್ಕೆ ಮತ್ತೊಂದು ಜನಮತ, ಮತ್ತೆ ಹೂಂ. ತಾವೇ ಬರೆದ ಕಲಮನ್ನ ತಾವೇ ಓಟು ಹಾಕಿ ಸಡಿಲ ಮಾಡ್ಬೇಕಾಯ್ತು. ಬಯಲುಸೀಮೆಯವ್ರೇ, 1935ರದ್ದು ಒಪ್ಪಿಗೆ ಅಂದ್ರೆ ಇದನ್ನೂ ಒಪ್ಪಿಗೆ ಅಂತೀರಾ?

ಬಯಲುಸೀಮೆ ಹುಡ್ಗ:
ಇಲ್ಲ, ಅದನ್ನ ಅನ್ನಲ್ಲ. ಹಸಿದವನ ಮುಂದೆ ದುಡ್ಡಿಟ್ಟು ಕೇಳಿದ್ದು ಅದು. 1935ರಲ್ಲಿ ಅವ್ರು ಮೊದಲ ಕಾಯ್ದೆ ತಿರಸ್ಕರಿಸಿ, ವರ್ಷಗಟ್ಲೆ ಜಗಳ ಆಡಿ, ತಮ್ಮ ಕೈಯಾರೆ ಬರ್ಕೊಂಡು ಬಂದಿದ್ರು. ಎರಡನ್ನೂ ಒಂದೇ ಸಾಲಲ್ಲಿ ನಿಲ್ಲಿಸ್ಬೇಡಿ.