ಇದು ಅಮೃತಬಳ್ಳಿಯೇ? ಕಷಾಯಕ್ಕೆ ಹಾಕುವ ಮೊದಲು ಕೇಳುತ್ತಿದ್ದೇನೆ

ಪ್ರಶ್ನೆ, ಶಿವಮೊಗ್ಗದಿಂದ:
ನಮಸ್ತೆ ಮೇಡಂ. ಎರಡು ವರ್ಷದ ಹಿಂದೆ ಪರಿಚಯದವರೊಬ್ಬರು ಅಮೃತಬಳ್ಳಿ ಅಂತ ಗೇಣುದ್ದದ ಕಡ್ಡಿ ಕೊಟ್ಟಿದ್ದರು. ಹಿತ್ತಲ ನುಗ್ಗೆ ಮರದ ಬುಡದಲ್ಲಿ ಊರಿದ್ದೆ, ಈಗ ಮರ ಕಾಣದ ಹಾಗೆ ಹಬ್ಬಿಕೊಂಡಿದೆ. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ, ದಿನಾ ಮಾತ್ರೆ ತಗೊಳ್ತಾರೆ. ಇದರ ಕಷಾಯ ಶುರು ಮಾಡ್ತೀನಿ ಅಂತ ಹೇಳ್ತಾ ಇದ್ದಾರೆ. ಎಲೆಯ ಫೋಟೊ ಹಾಕಿದ್ದೇನೆ. ಫೋನಿನ ಆ್ಯಪ್‌ನಲ್ಲಿ ಎರಡು ಸಲ ಅಮೃತಬಳ್ಳಿ ಅಂತ ಬಂತು, ಒಂದು ಸಲ ವೀಳ್ಯದೆಲೆ ಅಂತ ಬಂತು. ಯಾವುದನ್ನು ನಂಬಲಿ?

ಉತ್ತರ:
ಕೇಳಿದ್ದು ತುಂಬ ಒಳ್ಳೆಯದಾಯಿತು. ಕಷಾಯ ಸದ್ಯಕ್ಕೆ ಬೇಡ ಅಂತ ಅತ್ತೆಯವರಿಗೆ ಹೇಳಿ.

ಬರೀ ಎಲೆಯ ಫೋಟೊ ನೋಡಿ ಈ ಬಳ್ಳಿಯ ಹೆಸರು ಹೇಳಲು ಆಗುವುದಿಲ್ಲ. ಹೃದಯದಾಕಾರದ ಎಲೆ ವೀಳ್ಯಕ್ಕಿದೆ, ಕಾಳುಮೆಣಸಿನ ಕಾಡು ಜಾತಿಗಳಿಗಿದೆ, ಕಾಡುಗೆಣಸಿಗೂ ಇದೆ. ಆ್ಯಪ್ ನೋಡುವುದು ಎಲೆಯ ಅಂಚು, ಆಕಾರ, ಬಣ್ಣ ಇಷ್ಟೇ. ಅದು ಬಳ್ಳಿಯನ್ನು ಮುಟ್ಟಿ ನೋಡುವುದಿಲ್ಲ, ಕುಯ್ದು ನೋಡುವುದಿಲ್ಲ. ಅಮೃತಬಳ್ಳಿಯ ಗುರುತೆಲ್ಲ ಇರುವುದು ಕಾಂಡದಲ್ಲಿ. ಆದ್ದರಿಂದ ಈಗ ಹಿತ್ತಲಿಗೆ ಹೋಗಿ, ಹೆಬ್ಬೆರಳು ಗಾತ್ರದ ಹಳೆಯ ಕಾಂಡವೊಂದನ್ನು ಹಿಡಿದು ನೋಡಿ. ಮೇಲ್ಮೈ ನುಣುಪಾಗಿದೆಯೋ, ಗಂಟುಗಂಟಾಗಿದೆಯೋ? ಉಗುರಿನಿಂದ ಸಿಪ್ಪೆ ಕೆರೆದರೆ ಏನಾಗುತ್ತದೆ? ಬ್ಲೇಡಿನಿಂದ ಅಡ್ಡ ಕುಯ್ದರೆ ಏನು ಒಸರುತ್ತದೆ? ಎಲೆಯ ಅಡಿಭಾಗದಲ್ಲಿ ತುಪ್ಪಳ ಇದೆಯೇ? ನೋಡಿ ಬರೆಯಿರಿ, ಫೋಟೊ ಕೂಡ ಹಾಕಿ. ಮುಗಿಸಿ ಕೈ ತೊಳೆದುಕೊಳ್ಳಿ.

ಶಿವಮೊಗ್ಗದಿಂದ:
ನೋಡಿದೆ ಮೇಡಂ. ಕಾಂಡ ಬೂದು ಬಣ್ಣ. ಮೈತುಂಬ ಗುಳ್ಳೆಗಳು, ಹಾಗಲಕಾಯಿ ಮುಟ್ಟಿದ ಹಾಗೆ ಆಗುತ್ತೆ. ಕುಯ್ದಾಗ ಸ್ವಲ್ಪ ಹಾಲಿನ ಥರ ಬಂತು. ಎಲೆ ಅಡಿಯಲ್ಲಿ ತುಪ್ಪಳ ಇಲ್ಲ. ಹೂವು ಇದುವರೆಗೆ ಬಿಟ್ಟಿದ್ದು ನೋಡಿಲ್ಲ.

ಉತ್ತರ:
ಹಾಗಲಕಾಯಿ ಅಂದಿರಲ್ಲ, ಅದೇ ಸರಿಯಾದ ಹೋಲಿಕೆ. ನೀವು ಬರೆದದ್ದು, ಫೋಟೊದಲ್ಲಿ ಕಂಡದ್ದು ಎರಡೂ ಅಮೃತಬಳ್ಳಿಗೆ ಹೊಂದುವುದಿಲ್ಲ. ಇದು ಅದರ ಹತ್ತಿರದ ನೆಂಟ, ಟೈನೋಸ್ಪೋರಾ ಕ್ರಿಸ್ಪಾ ಎಂಬ ಜಾತಿ ಅಂತ ನನ್ನ ಅಭಿಪ್ರಾಯ. ನಮ್ಮ ಅಮೃತಬಳ್ಳಿ ಟೈನೋಸ್ಪೋರಾ ಕಾರ್ಡಿಫೋಲಿಯಾ. ಕುಲ ಒಂದೇ, ಎಲೆ ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಮೋಸವಾಗುತ್ತದೆ.

ಅಮೃತಬಳ್ಳಿಯ ಕಾಂಡದ ಮೇಲೆ ಕಾಗದದಂಥ ತೆಳು ಸಿಪ್ಪೆ ಇರುತ್ತದೆ. ಉಗುರು ತಾಗಿಸಿದರೆ ಸಾಕು, ಸುಲಿದು ಬಂದು ಒಳಗಿನ ಹಸಿರು ಕಾಣುತ್ತದೆ. ಮೇಲೆ ಅಲ್ಲಲ್ಲಿ ಬಿಳಿಯ ಚುಕ್ಕೆ ಇರಬಹುದು, ಆದರೆ ಕೈಗೆ ಒರಟಾಗಿ ಸಿಗುವ ಗುಳ್ಳೆಗಳಿಲ್ಲ. ಕುಯ್ದರೆ ಹಾಲು ಬರುವುದಿಲ್ಲ, ಲೋಳೆ ಲೋಳೆಯಾದ ನೀರು ಬರುತ್ತದೆ. ಕುಯ್ದ ಬಿಲ್ಲೆಯನ್ನು ಬೆಳಕಿಗೆ ಹಿಡಿದರೆ ಗಾಡಿ ಚಕ್ರದ ಅರಗಳ ಹಾಗೆ ಗೆರೆ ಕಾಣುತ್ತವೆ. ಮರದ ಮೇಲಿಂದ ದಾರದಂಥ ಬೇರುಗಳು ಇಳಿಬಿದ್ದಿರುತ್ತವೆ. ಹಣ್ಣು ದುಂಡಗೆ, ಕೆಂಪಗೆ, ಗೊಂಚಲಾಗಿ ಬಿಡುತ್ತದೆ. ಕ್ರಿಸ್ಪಾದ ಹಣ್ಣು ತುಸು ಉದ್ದ, ಕಿತ್ತಳೆ ಬಣ್ಣ. ಆದರೆ ಒಂದು ಮಾತು: ಈ ಬಳ್ಳಿಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ನಿಮ್ಮದು ಗಂಡು ಬಳ್ಳಿಯಾಗಿದ್ದರೆ ಎಷ್ಟು ವರ್ಷ ಕಾದರೂ ಹಣ್ಣು ಸಿಗುವುದಿಲ್ಲ. ಅದಕ್ಕೇ ನಾನು ಕಾಂಡದ ಮೇಲೆ ಇಷ್ಟು ಒತ್ತು ಕೊಡುವುದು. ಕಾಂಡ ವರ್ಷವಿಡೀ ಕೈಗೆ ಸಿಗುತ್ತದೆ.

ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯಿತು. ಕಡ್ಡಿ ಕೈಯಿಂದ ಕೈಗೆ ದಾಟಿತು, ಕೊಟ್ಟವರೂ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. 2021ರಲ್ಲಿ ಮುಂಬೈನ ವೈದ್ಯರು ಇಂಥ ಕಷಾಯ ಕುಡಿದ 6 ಜನರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಅಮೃತಬಳ್ಳಿಯನ್ನು ದೂರುವುದು ಸರಿಯಲ್ಲ, ಅದನ್ನೇ ಹೋಲುವ ಕ್ರಿಸ್ಪಾದಂಥ ಜಾತಿಗಳ ಬಗ್ಗೆ ಎಚ್ಚರ ಇರಲಿ ಅಂತ ಆಯುಷ್ ಸಚಿವಾಲಯ ಹೇಳಿತು, ಎರಡಕ್ಕೂ ಇರುವ ವ್ಯತ್ಯಾಸಗಳನ್ನೂ ಪ್ರಕಟಿಸಿತು. ಆ ವಾದ ಏನೇ ಇರಲಿ, ನಿಮ್ಮ ಹಿತ್ತಲಲ್ಲಿರುವುದನ್ನು ಕುಡಿಯಬಾರದು.

ಇನ್ನೊಂದು ವಿಷಯ, ಇದು ಗಿಡದ ಮಾತಲ್ಲ, ಆದರೂ ಹೇಳಲೇಬೇಕು. ನಾಳೆ ಅಸಲಿ ಅಮೃತಬಳ್ಳಿಯೇ ಸಿಕ್ಕಿದರೂ ಅದು ಸಕ್ಕರೆ ಅಂಶವನ್ನು ಇಳಿಸುವ ಗುಣದ್ದು. ಮಾತ್ರೆಯ ಜೊತೆ ಸೇರಿ ಸಕ್ಕರೆ ತೀರ ಕೆಳಗೆ ಹೋಗಬಹುದು. ಅತ್ತೆಯವರಿಗೆ ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕೇಳದೆ ಶುರು ಮಾಡುವುದು ಬೇಡ.

ಪ್ರಶ್ನೆ, ಬೆಂಗಳೂರಿನಿಂದ:
ಇದೇ ಥರದ್ದು ನನ್ನದೂ ಒಂದು ಇದೆ ಮೇಡಂ. ನಾವು ಪುತ್ತೂರು ಕಡೆಯವರು. ಇಲ್ಲಿ ಅಪಾರ್ಟ್‌ಮೆಂಟಿನ ತೋಟದಲ್ಲಿ ಆನೆ ಕಿವಿಯಷ್ಟು ದೊಡ್ಡ ಕೆಸುವಿನೆಲೆ ಬೆಳೆದಿದೆ. ಅಮ್ಮ ಊರಿಂದ ಬಂದವರು ನೋಡಿ ಪತ್ರೊಡೆ ಮಾಡೋಣ ಅಂತಿದ್ದಾರೆ. ಕುಯ್ಯಬಹುದಾ?

ಉತ್ತರ:
ಬೇಡ. ಅಮ್ಮನವರಿಗೆ ಬೇಸರವಾಗಬಹುದು, ಆದರೂ ಬೇಡ. ಫೋಟೊದಲ್ಲಿ ಎಲೆಯ ತುದಿ ಆಕಾಶ ನೋಡುತ್ತಿದೆ, ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದೆ. ಇದು ಅಂದಕ್ಕೆ ನೆಡುವ ಅಲೊಕೇಷಿಯಾ.

ಅಮ್ಮನವರನ್ನೇ ಕರೆದುಕೊಂಡು ಹೋಗಿ ಎಲೆಗೆ ತೊಟ್ಟು ಎಲ್ಲಿ ಸೇರಿದೆ ಅಂತ ನೋಡಿ. ಊರಿನ ಕೆಸುವಿನಲ್ಲಿ ತೊಟ್ಟು ಎಲೆಯ ಕಚ್ಚಿನ ತುದಿಗೆ ಸೇರುವುದಿಲ್ಲ, ಸ್ವಲ್ಪ ಒಳಗೆ, ಎಲೆಯ ಬೆನ್ನಿನಲ್ಲಿ ಸೇರುತ್ತದೆ. ಎಲೆ ತುದಿ ಕೆಳಕ್ಕೆ ಬಾಗಿರುತ್ತದೆ. ಮೇಲ್ಮೈ ಮಖಮಲ್ಲಿನ ಹಾಗಿದ್ದು, ನೀರು ಹಾಕಿದರೆ ಮುತ್ತಾಗಿ ಉರುಳಿ ಹೋಗುತ್ತದೆ. ನಿಮ್ಮ ಫೋಟೊದ ಗಿಡದಲ್ಲಿ ಕಚ್ಚು ತೊಟ್ಟಿನವರೆಗೂ ಇಳಿದಿದೆ. ಅಲೊಕೇಷಿಯಾದ ಎಳೆ ಗಿಡಗಳಲ್ಲಿ, ಕೆಲವು ಜಾತಿಗಳಲ್ಲಿ ತೊಟ್ಟು ಒಳಗೇ ಸೇರಿರುವುದೂ ಉಂಟು, ಆದ್ದರಿಂದ ಒಂದೇ ಗುರುತು ನೆಚ್ಚಿಕೊಳ್ಳಬೇಡಿ. ಮೂರೂ ಕೂಡಿ ಬಂದರೆ ಮಾತ್ರ ಕೆಸು ಅನ್ನಿ.

ತಿನ್ನುವ ಕೆಸುವಿನಲ್ಲೂ ತುರಿಕೆ ಇರುವುದು ಅಮ್ಮನವರಿಗೆ ಗೊತ್ತೇ ಇರುತ್ತದೆ. ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಗಂಟಲಿಗೆ ಚುಚ್ಚುವುದರಿಂದ ಆಗುವುದು ಅದು. ಹುಣಸೆ ಹುಳಿ ಧಾರಾಳ ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕೇ. ಅಲೊಕೇಷಿಯಾದಲ್ಲಿ ಈ ಹರಳಿನ ಕಾಟ ಜೋರು, ಬಾಯಿ ನಾಲಿಗೆ ಊದಿಕೊಳ್ಳಬಹುದು. ಮುಂದಿನ ಮಳೆಗಾಲಕ್ಕೆ ಊರಿಗೆ ಹೋದಾಗ ಮರದ ಕವಲಿನಲ್ಲಿ ಬೆಳೆಯುವ ಮರಕೆಸು ತರಿಸಿಕೊಳ್ಳಿ. ಅದರ ಹೆಸರು ರೆಮುಸೇಷಿಯಾ ವಿವಿಪರಾ. ಮಳೆ ಬಿದ್ದ ಮೇಲೆ ಮರದ ಮೇಲೆ ಚಿಗುರಿ, ಮಳೆ ಮುಗಿದ ಮೇಲೆ ಕಾಣೆಯಾಗುವ ಗಿಡ ಅದು. ನೆಲದ ಕೆಸುವಿಗಿಂತ ಅದರ ಪತ್ರೊಡೆ ನನಗೆ ಹೆಚ್ಚು ಇಷ್ಟ.

ಪ್ರಶ್ನೆ, ಮೈಸೂರಿನಿಂದ:
ನರ್ಸರಿಯಲ್ಲಿ ಬ್ರಾಹ್ಮಿ ಅಂತ ಕೊಟ್ಟ ಕುಂಡ ಇದು. ತಂಬುಳಿಗೆ ಹಾಕಬಹುದೇ?

ಉತ್ತರ:
ಎಲೆ ನಾಣ್ಯದ ಹಾಗೆ ಪೂರ್ತಿ ದುಂಡಗಿದ್ದು ತೊಟ್ಟು ನಟ್ಟನಡುವೆ, ಕೊಡೆಗೆ ಕಾವು ಕೂತ ಹಾಗೆ ಇದೆಯಲ್ಲ, ಇದು ಒಂದೆಲಗ ಅಲ್ಲ. ಹೈಡ್ರೋಕಾಟೈಲ್ ಎಂಬ ಅಲಂಕಾರದ ಗಿಡ. ಒಂದೆಲಗದ ಎಲೆಯಲ್ಲಿ ಒಂದು ಕಡೆ ಕಚ್ಚು ಇದ್ದು, ತೊಟ್ಟು ಆ ಕಚ್ಚಿಗೇ ಸೇರುತ್ತದೆ.

ಬ್ರಾಹ್ಮಿ ಅನ್ನುವ ಹೆಸರೇ ಇಲ್ಲಿ ತೊಡಕು. ನಮ್ಮಲ್ಲಿ ಒಂದೆಲಗವನ್ನು, ತುಳುವಿನ ತಿಮರೆಯನ್ನು, ಬ್ರಾಹ್ಮಿ ಅನ್ನುತ್ತೇವೆ. ಆಯುರ್ವೇದದ ಅಂಗಡಿಯಲ್ಲಿ ಬ್ರಾಹ್ಮಿ ಕೇಳಿದರೆ ಅನೇಕ ಕಡೆ ನೀರುಬ್ರಾಹ್ಮಿ ಕೊಡುತ್ತಾರೆ. ಅದು ಸಣ್ಣ ದಪ್ಪ ಎಲೆಯ, ಜೌಗಿನಲ್ಲಿ ಹರಡುವ ಬೇರೆಯದೇ ಗಿಡ, ಬಕೋಪಾ ಮೊನ್ನಿಯೇರಿ. ಕೊಳ್ಳುವಾಗ ಹೆಸರು ಹೇಳಬೇಡಿ, ಎಲೆ ತೋರಿಸಿ ಕೇಳಿ.

ಪ್ರಶ್ನೆ, ಹಾವೇರಿ ಜಿಲ್ಲೆಯಿಂದ:
ಮೇಡಂ, ಹೊಲದ ಬೇಲಿಯಲ್ಲಿ ಬೆಂಕಿಯಂಥ ಹೂವಿನ ಬಳ್ಳಿ ಐತ್ರಿ. ನಮ್ಮ ತಮ್ಮನ ಮಗ ಅದರ ಗಡ್ಡಿ ಅಗದು ಗೆಣಸು ಅಂತ ತಂದಿದ್ದ. ತಿಂದಿಲ್ಲ, ಕೈಯಿಂದ ಕಸಗೊಂಡ್ವಿ. ಏನಿದು?

ಉತ್ತರ:
ಕಸಿದುಕೊಂಡದ್ದು ದೇವರು ಮಾಡಿಸಿದ ಕೆಲಸ. ಇದು ಗೌರಿ ಹೂವು, ಅಗ್ನಿಶಿಖೆ ಅಂತಲೂ ಕರೆಯುತ್ತಾರೆ, ಗ್ಲೋರಿಯೋಸಾ ಸುಪರ್ಬಾ. ಗೌರಿ ಹಬ್ಬದ ಹೊತ್ತಿಗೆ ಅರಳುವ ಹೂವು ಅಂತ ಆ ಹೆಸರು. ಗಿಡದ ಎಲ್ಲ ಭಾಗವೂ ವಿಷ, ಗೆಡ್ಡೆಯಲ್ಲಿ ತೀರ ಹೆಚ್ಚು. ಕಾಲ್ಚಿಸಿನ್ ಎಂಬ ವಸ್ತು ಅದರಲ್ಲಿದೆ. ವೈದ್ಯರು ಅದನ್ನು ತೀರ ಸಣ್ಣ ಅಳತೆಯಲ್ಲಿ ಔಷಧಿಯಾಗಿ ಬಳಸುತ್ತಾರೆ, ಗೆಡ್ಡೆ ತಿಂದವರು ಜೀವ ಕಳೆದುಕೊಂಡಿದ್ದಾರೆ.

ಹೂವು ಇಲ್ಲದಾಗಲೂ ಇದನ್ನು ಗುರುತಿಸಬಹುದು, ಮಕ್ಕಳಿಗೆ ಇದನ್ನೇ ಕಲಿಸಿ. ಎಲೆಯ ತುದಿಯೇ ಎಳೆಯಾಗಿ ಸುರುಳಿ ಸುತ್ತಿ ಬೇಲಿಯ ಕಡ್ಡಿ ಹಿಡಿದುಕೊಂಡಿರುತ್ತದೆ. ನಾವು ತಿನ್ನುವ ಗೆಣಸಿನ ಬಳ್ಳಿಯಲ್ಲಿ ಹಾಗಿರುವುದಿಲ್ಲ. ಗೆಡ್ಡೆಯೂ ನೇಗಿಲಿನ ಹಾಗೆ ಮೂಲೆ ಬಾಗಿ ಎರಡು ಕವಲಾಗಿರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ ಅನ್ನುತ್ತಾರೆ, ಲಾಂಗಲ ಅಂದರೆ ನೇಗಿಲು. ಹುಡುಗ ಒಂದು ಚೂರು ಕಚ್ಚಿರಬಹುದು ಅನ್ನುವ ಅನುಮಾನ ಇದ್ದರೂ ಈಗಲೇ ಆಸ್ಪತ್ರೆಗೆ ಹೋಗಿ, ಆ ಗೆಡ್ಡೆಯನ್ನೂ ಚೀಲದಲ್ಲಿ ಜೊತೆಗೆ ಒಯ್ಯಿರಿ. ಈ ವಿಷ ತಕ್ಷಣ ತೋರುವುದಿಲ್ಲ, ಕೆಲವು ಗಂಟೆ ಬಿಟ್ಟು ವಾಂತಿ ಭೇದಿ ಶುರುವಾಗುತ್ತದೆ. ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ.

ಹಾವೇರಿಯಿಂದ:
ಕಚ್ಚಿಲ್ರೀ ಮೇಡಂ, ಗಡ್ಡಿ ಇಡೀ ಐತಿ, ಮಣ್ಣು ಸೈತ ಹಂಗ ಐತಿ. ಕೈ ತೊಳಿಸೀವಿ. ಎಲೆ ತುದಿ ನೋಡಿದ್ವಿ, ನೀವು ಹೇಳಿದಂಗ ಸುತ್ತಿಕೊಂಡೈತಿ.

ಉತ್ತರ:
ಮನಸ್ಸಿಗೆ ಸಮಾಧಾನವಾಯಿತು. ಬೇಲಿಯ ಬಳ್ಳಿಯನ್ನು ಪೂರ್ತಿ ಕಿತ್ತು ಹಾಕುವುದು ಬೇಡ, ಮಕ್ಕಳಿಗೆ ತೋರಿಸಿ ಹೇಳಿ. ಕಿತ್ತರೆ ಅವರು ಇನ್ನೊಂದು ಬೇಲಿಯಲ್ಲಿ ಅದನ್ನು ಗುರುತು ಸಿಗದೆ ಅಗೆದಾರು.

ಪ್ರಶ್ನೆ, ತುಮಕೂರಿನಿಂದ:
ಸೇವಂತಿಗೆ ಸಸಿ ಅಂತ ನೀರು ಹಾಕ್ತಿದ್ದೆ, ಅಕ್ಕ ಪಾರ್ಥೇನಿಯಂ ಅಂತಾರೆ.

ಉತ್ತರ:
ಅಕ್ಕ ಹೇಳಿದ್ದು ಸರಿ, ಕಾಂಗ್ರೆಸ್ ಗಿಡವೇ. 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಗಿಡ ಈಗ ದೇಶದ ತುಂಬ ಇದೆ. ಎಲೆ ಕಿವುಚಿ ಮೂಸಿದರೆ ಸೇವಂತಿಗೆಯ ಘಮ ಇರುವುದಿಲ್ಲ, ಆದರೆ ಆ ಪರೀಕ್ಷೆ ಮಾಡಬೇಡಿ, ಇದು ಚರ್ಮಕ್ಕೆ ಕಜ್ಜಿ ತರುತ್ತದೆ. ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಿ.

ಶಿವಮೊಗ್ಗದಿಂದ, ಮತ್ತೆ:
ಮೇಡಂ, ಅತ್ತೆ ಒಪ್ಪಿದರು. ನಿನ್ನೆ ತವರಿಗೆ ಹೋಗಿದ್ದೆ, ಅಲ್ಲಿ ಬೇವಿನ ಮರದ ಮೇಲೆ ಇನ್ನೊಂದು ಬಳ್ಳಿ ಇದೆ. ಉಗುರಲ್ಲಿ ಕೆರೆದೆ, ಸಿಪ್ಪೆ ಕಾಗದದ ಹಾಗೆ ಎದ್ದು ಬಂತು, ಒಳಗೆ ಹಸಿರು. ದಾರದ ಥರ ಬೇರು ನೇತಾಡ್ತಿದೆ. ಕುಯ್ದು ನೋಡಿದೆ, ಚಕ್ರ ಕಂಡಿತು! ಆದರೆ ಎಲೆ ಅಡಿ ಬೆರಳಾಡಿಸಿದರೆ ಮೆತ್ತಗೆ ತುಪ್ಪಳ ಇದೆ.

ಉತ್ತರ:
ಎಷ್ಟು ಚೆನ್ನಾಗಿ ನೋಡಿದ್ದೀರಿ! ತುಪ್ಪಳ ಇದೆ ಅಂದರೆ ಅದು ಮೂರನೆಯ ಜಾತಿ, ಟೈನೋಸ್ಪೋರಾ ಸೈನೆನ್ಸಿಸ್ ಇರಬೇಕು. ಅದೂ ನಮ್ಮ ಕಾಡಿನದೇ, ಅಮೃತಬಳ್ಳಿಯ ಹೆಸರಲ್ಲಿ ಅದನ್ನೂ ಕೊಯ್ಯುತ್ತಾರೆ, ಆದರೆ ಕಾರ್ಡಿಫೋಲಿಯಾದ ಎಲೆ ಅಡಿಭಾಗ ನುಣುಪು.

ನನಗೊಂದು ಸಹಾಯ ಮಾಡಿ. ಎರಡೂ ಬಳ್ಳಿಯಿಂದ ಎಲೆ ಸಹಿತ ಒಂದೊಂದು ಗೇಣು ಕಡ್ಡಿ ತಂದು ಹಳೆಯ ಪತ್ರಿಕೆಯ ಮಡಿಕೆಯಲ್ಲಿ ಇಡಿ. ಒಂದು ಎಲೆಯನ್ನು ಮಗುಚಿ ಇಡಿ, ಬೆನ್ನೂ ಕಾಣಬೇಕು. ಮೇಲೆ ದಪ್ಪ ಪುಸ್ತಕಗಳನ್ನು ಹೇರಿ, ದಿನಾ ಪತ್ರಿಕೆ ಬದಲಾಯಿಸಿ, ಇಲ್ಲದಿದ್ದರೆ ಬೂಸಲು ಹಿಡಿಯುತ್ತದೆ. ಯಾವ ಊರು, ಯಾವ ಮರದ ಮೇಲೆ, ಯಾವ ತಾರೀಕು ಅಂತ ಚೀಟಿ ಬರೆದು ಒಳಗಿಡಿ. ಒಣಗಿದ ಮೇಲೆ ಹಸಿರು ಹೋಗುತ್ತದೆ, ಹಾಲಿನ ವಿಷಯ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಕುಯ್ದಾಗ ಏನು ಒಸರಿತು, ಕಾಂಡ ಮುಟ್ಟಿದರೆ ಹೇಗಿತ್ತು ಅನ್ನುವುದನ್ನೂ ಚೀಟಿಯಲ್ಲೇ ಬರೆಯಿರಿ. ಹಾಗಲಕಾಯಿ ಅಂತಲೇ ಬರೆಯಿರಿ. ನಿಮ್ಮೂರಿನ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಕೊಟ್ಟರೆ ಅವರೂ ನೋಡುತ್ತಾರೆ. ನುಗ್ಗೆ ಮರದ ಬಳ್ಳಿಗೆ ಹೂವು ಬಂದ ದಿನ ಇಲ್ಲಿ ಫೋಟೊ ಹಾಕಿ, ಎಸಳು ಎಣಿಸೋಣ. ಅಮೃತಬಳ್ಳಿಗೆ 6, ಕ್ರಿಸ್ಪಾಗೆ 3.