ಅಕ್ಬರ್‌ನಾಮಾದ ಕುಣಿತದ ಚಿತ್ರಕ್ಕೆ ‘ಪಾತ್ರದವರು’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಮೊಘಲ್ ಚಿತ್ರಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ. ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಚಿತ್ರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಅಕ್ಬರ್‌ನಾಮಾ (ಅಕ್ಬರನ ಆಳ್ವಿಕೆಯ ಚರಿತ್ರೆ) ಪ್ರತಿಯದು. 1561ರಲ್ಲಿ ಮಾಳ್ವದ ಸುಲ್ತಾನ ಬಾಜ್ ಬಹಾದುರ್ ಅಕ್ಬರನ ಸೈನ್ಯಕ್ಕೆ ಸೋತು ಓಡಿಹೋದ. ಮಾಂಡುವಿನ ಅವನ ಆಸ್ಥಾನದಲ್ಲಿ ಕುಣಿಯುತ್ತಿದ್ದ ಹೆಂಗಸರು ಗೆದ್ದವರ ಪಾಲಾದರು. ಅವರು ಅಕ್ಬರನ ಮುಂದೆ ಕುಣಿಯುತ್ತಿರುವ ನೋಟ ಇದು. ಪಕ್ಕದಲ್ಲಿ ವಾದ್ಯದವರಿದ್ದಾರೆ. ಬಣ್ಣ ನೋಡಿದರೆ ಹಬ್ಬ ಅನಿಸುತ್ತದೆ. ಆದರೆ ಆ ಹೆಂಗಸರು ಅಲ್ಲಿಗೆ ಬಂದದ್ದು ಕೊಳ್ಳೆಯ ಜೊತೆಗೆ. ಹಾಗಾಗಿ ಸುಮ್ನೆ ಯಾವುದೋ ಒಂದು ಪದ ಹಾಕಲು ಮನಸ್ಸು ಬರುವುದಿಲ್ಲ.

‘ನರ್ತಕಿ’ ತಪ್ಪಲ್ಲ, ಆದರೆ ಇವತ್ತಿನ ಸ್ಟೇಜು ನೆನಪಾಗುತ್ತದೆ. ‘ದೇವದಾಸಿ’ ಸಲ್ಲದು, ಇದು ಗುಡಿಯಲ್ಲ, ಅರಮನೆ. ‘ಕಂಚನಿ’ ಎಂಬ ಪದ ಅಕ್ಬರನ ಆಡಳಿತವನ್ನು ವಿವರಿಸುವ ಐನ್-ಎ-ಅಕ್ಬರಿಯಲ್ಲೇ ಇದೆ. ಕಂಜರಿ ಎಂಬ ಪಂಗಡದಲ್ಲಿ ಗಂಡಸರು ಪಖಾವಾಜ್, ರಬಾಬ್, ತಾಳ ನುಡಿಸುತ್ತಾರೆ, ಹೆಂಗಸರು ಹಾಡಿ ಕುಣಿಯುತ್ತಾರೆ, ಇವರನ್ನು ಅಕ್ಬರ್ ಕಂಚನಿ ಎಂದು ಕರೆಯುತ್ತಾನೆ ಎಂದು ಅದನ್ನು ಬರೆದ ಆಸ್ಥಾನದ ಚರಿತ್ರಕಾರ ಅಬುಲ್ ಫಜಲ್ ಹೇಳಿದ್ದಾನೆ. ಅದು ಒಂದು ಪಂಗಡದ ಹೆಸರು. ಮಾಳ್ವದಿಂದ ಬಂದವರಿಗೆಲ್ಲ ಅದನ್ನೇ ಹಚ್ಚುವುದು ಸರಿಯಲ್ಲ.

ಇನ್ನು ಉಳಿದದ್ದು ‘ಪಾತ್ರ’, ಕುಣಿಯುವವಳು ಎಂಬ ಹಳೆಯ ಅರ್ಥದಲ್ಲಿ. ನನಗೆ ಇದೇ ಇಷ್ಟ. ಉತ್ತರದ ಅರಮನೆಗಳಲ್ಲಿ ಕುಣಿಯುವವಳನ್ನು ‘ಪಾತುರ್’ ಅನ್ನುತ್ತಿದ್ದರು. ಬುಂದೇಲಖಂಡದ ಓರ್ಛಾದ ಪ್ರವೀಣ್ ರಾಯ್ ಹೀಗೆ ಹೆಸರಾದವಳು. ಅವಳು ಕವಿತೆಯನ್ನೂ ಕಟ್ಟುತ್ತಿದ್ದಳು. ‘ಪಾತುರ್’ ನಮ್ಮ ‘ಪಾತ್ರ’ದ ನಂಟೇ ಅಂತ ನನ್ನ ಊಹೆ. ನಮ್ಮಲ್ಲಂತೂ 12ನೇ ಶತಮಾನದ ಶಾಸನ ಹೊಯ್ಸಳ ರಾಣಿ ಶಾಂತಲೆಯನ್ನೇ ‘ವಿಚಿತ್ರ ನರ್ತನ ಪ್ರವರ್ತನ ಪಾತ್ರ ಶಿಖಾಮಣಿ’ ಎಂದು ಹೊಗಳುತ್ತದೆ. ರಾಣಿಗೇ ಬಿರುದಾಗಿದ್ದ ಮಾತಿನಲ್ಲಿ ಕೀಳು ಅರ್ಥ ಇರಲು ಸಾಧ್ಯವಿಲ್ಲ, ಅಲ್ವಾ?

ತೊಡಕು ಬರುವುದು ಆಮೇಲೆ. ಇದೇ ಪದ ‘ಪಾತರ’, ‘ಪಾತರದವಳು’ ಆಗಿ ಬೈಗುಳದ ಕಡೆಗೆ ಜಾರಿತು. ಉತ್ತರ ಕರ್ನಾಟಕದಲ್ಲಿ ಚಿಟ್ಟೆಗೆ ‘ಪಾತರಗಿತ್ತಿ’ ಅನ್ನುತ್ತಾರೆ. ಅಲ್ಲಿ ಮಾತ್ರ ಬಣ್ಣ, ಕುಣಿತ ಎರಡೂ ಹಾಗೇ ಉಳಿದಿವೆ. ಇನ್ನು ನಾಟಕ, ಸಿನಿಮಾದಿಂದಾಗಿ ‘ಪಾತ್ರ’ ಅಂದರೆ ಜನಕ್ಕೆ ಬೇರೆಯೇ ಹೊಳೆಯುತ್ತದೆ.

‘ಮಾಂಡುವಿನ ಪಾತ್ರದವರು, ಅಕ್ಬರನ ಮುಂದೆ’ ಎಂದು ಬರೆದರೆ ನಿಮಗೆ ಹೇಗೆ ಕೇಳಿಸುತ್ತದೆ? ನಿಮ್ಮ ಕಡೆ ಹಿರಿಯರು ‘ಪಾತ್ರದವರು’ ಎಂಬುದನ್ನು ಗೌರವದಿಂದ ಬಳಸುವುದನ್ನು ಕೇಳಿದ್ದೀರಾ? ಧಾರವಾಡ, ಬಿಜಾಪುರ, ಬಳ್ಳಾರಿ ಕಡೆಯವರು ದಯವಿಟ್ಟು ಬರೆಯಿರಿ. ಮಾತಿನ ನಡುವೆ ಬಂದ ಒಂದು ವಾಕ್ಯ ಕೊಟ್ಟರೂ ಉಪಕಾರವಾಗುತ್ತದೆ.